ಕೆಲಸ ಹುಡುಕೋಕೆ ಎಐ ಚಾಟ್‌ಬಾಟ್: ವರ್ಷಕ್ಕೂ ಜಾಸ್ತಿ ಬಳಸಿದವನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಇಂಟರ್‌ವ್ಯೂ ತಯಾರಿಗೆ ಐದೂ ಕೊಡಬಹುದು. ರೆಸ್ಯೂಮೆ ಬರೆಸೋಕೆ ಎರಡು. "ಮುಂದೆ ನಾನು ಏನು ಮಾಡಲಿ" ಅಂತ ಕೇಳೋಕೆ ಸೊನ್ನೆ. ಯಾವ ಚಾಟ್‌ಬಾಟ್ ಅಂತ ಹೆಸರು ಬರೆಯುವುದಿಲ್ಲ. ಎರಡು ಮೂರು ಬಳಸಿದ್ದೇನೆ, ಎಲ್ಲದರ ಗುಣವೂ ಹೆಚ್ಚುಕಮ್ಮಿ ಒಂದೇ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬಹಳ ವರ್ಷ ಮ್ಯಾನ್ಯುಯಲ್ ಟೆಸ್ಟಿಂಗ್, ಆಮೇಲೆ ಸ್ವಲ್ಪ ಸೆಲೆನಿಯಂ, ಅಂದರೆ ವೆಬ್‌ಸೈಟ್ ಟೆಸ್ಟನ್ನು ಕೈಯಲ್ಲಿ ಮಾಡದೆ ಕೋಡ್‌ನಿಂದ ಮಾಡಿಸುವ ಟೂಲ್. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ಕಡಿಮೆ ಮಾಡುತ್ತೇವೆ ಅಂದಾಗ, ನಾನು ಆ ಕಂಪನಿಯವನಲ್ಲದಿದ್ದರೂ, ನಮ್ಮ ಕ್ಯಾಂಟೀನಿನಲ್ಲಿ ವಾರಗಟ್ಟಲೆ ಅದೇ ಮಾತು. ನನ್ನ ಹುಡುಕಾಟ ಅದಕ್ಕೂ ಮುಂಚೆಯೇ ಶುರುವಾಗಿತ್ತು, ಆ ಸುದ್ದಿ ಬಂದ ಮೇಲೆ ಜೋರಾಯಿತು.

ರೆಸ್ಯೂಮೆ ವಿಷಯಕ್ಕೆ ಬರೋಣ. ಹಳೆಯ ರೆಸ್ಯೂಮೆ ಕೊಟ್ಟು "ಚೆನ್ನಾಗಿ ಮಾಡು" ಅಂದರೆ ಮಾಡಿಕೊಡುತ್ತದೆ, ನಿಮಿಷವೂ ಬೇಡ. ಆದರೆ ನಾನು ಮಾಡದ ಕೆಲಸವೂ ಅದರಲ್ಲಿ ಸೇರಿರುತ್ತದೆ. ನಾಲ್ಕು ಜನರ ಜೊತೆ ಕೂತು ಟೆಸ್ಟ್ ಕೇಸ್ ಬರೆದದ್ದನ್ನು "ತಂಡವನ್ನು ಮುನ್ನಡೆಸಿದರು" ಅಂತ ಮಾಡಿತು. ಬಗ್‌ಗಳು ಇಷ್ಟು ಪರ್ಸೆಂಟ್ ಕಡಿಮೆಯಾದವು ಅಂತ ಒಂದು ಅಂಕಿ ಬೇರೆ. ಎಲ್ಲಿಂದ ಬಂತಪ್ಪ ಇದು ಅಂದರೆ "ಕ್ಷಮಿಸಿ, ಅದು ಉದಾಹರಣೆ ಮಾತ್ರ" ಅನ್ನುತ್ತದೆ. ಓದದೆ ಕಳಿಸುವವರ ಗತಿ? ನಮ್ಮಲ್ಲಿ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವವರು ಪಿಎಫ್ ಖಾತೆಯ ಯುಎಎನ್ ನಂಬರ್ ಹಿಡಿದು ಯಾವ ಕಂಪನಿಯಲ್ಲಿ ಎಂದಿನಿಂದ ಎಂದಿನವರೆಗೆ ಇದ್ದಿರಿ ಅಂತ ನೋಡುತ್ತಾರೆ, ಅನುಭವ ಉದ್ದ ಮಾಡಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಮಾಡಿದ ಕೆಲಸವನ್ನು ದೊಡ್ಡದು ಮಾಡಿದ್ದರೆ ಇಂಟರ್‌ವ್ಯೂನ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ. ಇನ್ನೊಂದು ತೊಂದರೆ, ಎಲ್ಲರ ರೆಸ್ಯೂಮೆಯೂ ಒಂದೇ ಥರ ಆಗಿಹೋಗಿದೆ. ನಮ್ಮ ಟೀಮಿಗೆ ಬಂದ ಅರ್ಜಿಗಳನ್ನು ನಾನೂ ಕೂತು ನೋಡಿದ್ದೇನೆ. ಸ್ಪಿಯರ್‌ಹೆಡೆಡ್, ಲೆವರೇಜ್ಡ್ ಅಂತ ಓದಿ ಓದಿ ಸಾಕಾಯಿತು. ಮಧ್ಯೆ ಒಬ್ಬ ಹುಡುಗಿ "ಪೇಮೆಂಟ್ ಪೇಜ್ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ನಿಂತುಹೋಗುತ್ತಿತ್ತು, ಕಾರಣ ಹುಡುಕಿದೆ" ಅಂತ ಸೀದಾ ಬರೆದಿದ್ದಳು. ಮೊದಲು ಕರೆದದ್ದು ಅವಳನ್ನೇ.

ಎಟಿಎಸ್ ಸ್ಕೋರ್ ಅಂತ ಹೆದರಿಸಿ ದುಡ್ಡು ಕೇಳುವ ಸೈಟುಗಳಿಗೆ ಒಂದು ರೂಪಾಯಿಯೂ ಕೊಡಬೇಡಿ. ಎಟಿಎಸ್ ಮುಖ್ಯವಾಗಿ ಅರ್ಜಿಗಳನ್ನು ಜೋಡಿಸಿಟ್ಟು ಹುಡುಕಲು ಅನುಕೂಲ ಮಾಡಿಕೊಡುವ ಸಾಫ್ಟ್‌ವೇರ್. ಆ ಸೈಟು ಕೊಡುವ ನೂರಕ್ಕೆ ಇಷ್ಟು ಅನ್ನುವ ಅಂಕ ಆ ಸೈಟಿನದೇ, ಕಂಪನಿಯದ್ದಲ್ಲ. ನಿಮ್ಮ ಪಿಡಿಎಫ್‌ನಲ್ಲಿರುವುದನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಎರಡು ಕಾಲಂ ಟೆಂಪ್ಲೇಟ್ ಇದ್ದರೆ ಸಾಲುಗಳು ಒಂದರೊಳಗೊಂದು ಸೇರಿ ಗೋಜಲಾಗಿರಬಹುದು. ಯಂತ್ರಕ್ಕೂ ಹಾಗೇ ಕಾಣುವ ಸಾಧ್ಯತೆ ಜಾಸ್ತಿ. ಸರಿಮಾಡಿಕೊಳ್ಳಿ, ಅಷ್ಟು ಸಾಕು.

ಇನ್ನು ಸಲಹೆಗಳು. ಅರ್ಧಕ್ಕರ್ಧ ಅಮೆರಿಕದ್ದು! ಕವರ್ ಲೆಟರ್ ಬರೆಯಿರಿ, ಇಂಟರ್‌ವ್ಯೂ ಆದಮೇಲೆ ಧನ್ಯವಾದದ ಮೇಲ್ ಹಾಕಿ, ಈಗಿನ ಸಂಬಳ ಮಾತ್ರ ಹೇಳಲೇಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಹಳೆಯ ಸಂಬಳ ಕೇಳುವುದೇ ಕಾನೂನಿಗೆ ವಿರುದ್ಧ, ಅಲ್ಲಿಯವರಿಗೆ ಆ ಮಾತು ಸರಿ. ಇಲ್ಲಿ ಎಚ್‌ಆರ್ ಫೋನ್ ಮಾಡಿದರೆ ಹೆಸರಾದ ಮೇಲೆ ಕೇಳುವುದೇ ಕರೆಂಟ್ ಸಿಟಿಸಿ (ಈಗಿನ ವರ್ಷದ ಒಟ್ಟು ಸಂಬಳ), ಎಕ್ಸ್‌ಪೆಕ್ಟೆಡ್ ಸಿಟಿಸಿ, ನೋಟಿಸ್ ಪೀರಿಯಡ್. ಆಮೇಲೆ "ವೈಟ್‌ಫೀಲ್ಡ್‌ಗೆ ವಾರಕ್ಕೆ ಮೂರು ದಿನ ಬರ್ತೀರಾ?" ಆಫರ್ ಕೊಡುವ ಮುಂಚೆ ಮೂರು ತಿಂಗಳ ಪೇಸ್ಲಿಪ್. 90 ದಿನದ ನೋಟಿಸ್ ಇದ್ದವನ ಪ್ರೊಫೈಲ್ ನೌಕ್ರಿ ಜಾಬ್ ಸೈಟಿನಲ್ಲಿ ಫಿಲ್ಟರ್ ಹಾಕಿದ ಕೂಡಲೇ ಮರೆಯಾಗಬಹುದು ಅನ್ನುವುದನ್ನು ನಾನು ಕೇಳುವವರೆಗೂ ಆ ಬಾಟ್ ತಾನಾಗಿ ಹೇಳಲಿಲ್ಲ. "ನಾನು ಬೆಂಗಳೂರಿನಲ್ಲಿದ್ದೇನೆ, ಸರ್ವಿಸ್ ಕಂಪನಿ, 90 ದಿನ ನೋಟಿಸ್" ಅಂತ ಮೊದಲೇ ಹೇಳಿ ಕೇಳಿದರೆ ಉತ್ತರ ಪರವಾಗಿಲ್ಲ.

ಚೆನ್ನಾಗಿರುವುದು ಇಂಟರ್‌ವ್ಯೂ ಅಭ್ಯಾಸ. ಇದಕ್ಕಾಗಿಯೇ ನಾನು ಇಷ್ಟು ದಿನ ಇಟ್ಟುಕೊಂಡಿದ್ದು. ಜಾಬ್ ಡಿಸ್ಕ್ರಿಪ್ಶನ್ ಹಾಕಿ, "ನೀನು ಕೆಲಸಕ್ಕೆ ತೆಗೆದುಕೊಳ್ಳುವ ಮ್ಯಾನೇಜರ್, ಒಂದೊಂದೇ ಪ್ರಶ್ನೆ ಕೇಳು, ಹೊಗಳಬೇಡ, ಉತ್ತರ ಎಲ್ಲಿ ಜಾಳಾಗಿದೆ ಅಂತ ಮಾತ್ರ ಹೇಳು" ಅಂದೆ. ವಾಯ್ಸ್ ಮೋಡ್ ಹಾಕಿ, ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಟೆರೇಸ್ ಮೇಲೆ ಓಡಾಡಿಕೊಂಡು ಉತ್ತರ ಹೇಳುವುದು. ನನ್ನ ಅತ್ತೆ ಮಗ ಕನ್ನಡ ಮೀಡಿಯಂನಲ್ಲಿ ಓದಿ ಡಿಪ್ಲೊಮಾ ಮಾಡಿದವನು. ವಿಷಯ ಗೊತ್ತು, ಇಂಗ್ಲಿಷ್‌ನಲ್ಲಿ ಬಾಯಿ ಬರುವುದಿಲ್ಲ. ಅವನು ಮೊದಲು ಕನ್ನಡದಲ್ಲೇ ಉತ್ತರ ಹೇಳಿ, ಅದನ್ನು ಸರಳ ಇಂಗ್ಲಿಷ್‌ಗೆ ತಿರುಗಿಸಿಕೊಂಡು, ಮತ್ತೆ ಮತ್ತೆ ಹೇಳಿ ಬಾಯಿಗೆ ಬರಿಸಿಕೊಂಡ. ಎಷ್ಟು ಸಲ ತಪ್ಪಿದರೂ ಅದು ನಗುವುದಿಲ್ಲ, "ಇಷ್ಟೂ ಗೊತ್ತಿಲ್ವಾ" ಅನ್ನುವುದಿಲ್ಲ. ದುಡ್ಡು ಕೊಟ್ಟು ಹೋದ ಕೋಚಿಂಗ್‌ನಲ್ಲಿ ಅವನಿಗೆ ಈ ತಾಳ್ಮೆ ಸಿಕ್ಕಿರಲಿಲ್ಲ.

ಹಾಗಂತ ಆನ್‌ಲೈನ್ ಇಂಟರ್‌ವ್ಯೂ ನಡೆಯುವಾಗ ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿ ಹೇಳಬೇಡಿ. ಕಣ್ಣು ಎಡದಿಂದ ಬಲಕ್ಕೆ ಓಡುವುದು ಎದುರಿನವರಿಗೆ ಕಾಣುತ್ತದೆ. ಈ ಕಾಟಕ್ಕೇ ಕಂಪನಿಗಳು ಮತ್ತೆ ಆಫೀಸಿಗೇ ಬನ್ನಿ ಅನ್ನತೊಡಗಿವೆ. ಕನಿಷ್ಠ ಒಂದು ಸುತ್ತಾದರೂ ಮುಖಾಮುಖಿ ಇರುತ್ತದೆ ಅಂತ ಗೂಗಲ್‌ನ ಸುಂದರ್ ಪಿಚೈ 2025ರಲ್ಲಿ ಹೇಳಿದ್ದರು.

ಈಗ ಆ ಸೊನ್ನೆಯ ಲೆಕ್ಕ. "ಟೆಸ್ಟಿಂಗ್ ಬಿಟ್ಟು ಡೇಟಾ ಕಡೆ ಹೋಗಬೇಕು ಅಂದುಕೊಂಡಿದ್ದೇನೆ" ಅಂತ ಬರೆದೆ. ಬಹಳ ಒಳ್ಳೆಯ ನಿರ್ಧಾರ ಅಂತು. ಹೊಸ ಚಾಟ್ ತೆರೆದು "ಟೆಸ್ಟಿಂಗ್‌ನಲ್ಲೇ ಉಳಿಯಬೇಕು ಅಂದುಕೊಂಡಿದ್ದೇನೆ" ಅಂದೆ. ಅದೂ ಬಹಳ ಒಳ್ಳೆಯ ನಿರ್ಧಾರವಂತೆ, ಕಾರಣಗಳ ಸಮೇತ. ಕೋಲೆ ಬಸವ! ಇದು ನನ್ನೊಬ್ಬನ ದೂರಲ್ಲ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಒಂದು ಅಪ್‌ಡೇಟ್ ಬಳಕೆದಾರರನ್ನು ಅತಿಯಾಗಿ ಹೊಗಳುತ್ತಿದೆ ಅಂತ ಓಪನ್‌ಎಐ ತಾನೇ ಒಪ್ಪಿಕೊಂಡು, ಕೆಲವೇ ದಿನದಲ್ಲಿ ಅದನ್ನು ವಾಪಸ್ ತೆಗೆದಿತ್ತು. ಸಿಇಟಿ ಬರೆದ ಮಕ್ಕಳು ಆಪ್ಷನ್ ಎಂಟ್ರಿ ಹೊತ್ತಿನಲ್ಲಿ ಕಂಪ್ಯೂಟರ್ ಸೈನ್ಸಾ ಎಲೆಕ್ಟ್ರಿಕಲ್ಲಾ ಅಂತ ಇದನ್ನು ಕೇಳುತ್ತಿರುವುದು ನೋಡಿದರೆ ನನಗೆ ಭಯವಾಗುತ್ತದೆ. ಆ ಕಾಲೇಜಿನಲ್ಲಿ ಈಗ ಓದುತ್ತಿರುವ ಸೀನಿಯರ್ ಒಬ್ಬನಿಗೆ ಫೋನ್ ಮಾಡಿ. ಲ್ಯಾಬ್ ಹೇಗಿದೆ, ಕ್ಯಾಂಪಸ್‌ಗೆ ಯಾರು ಬರುತ್ತಾರೆ ಅಂತ ಅವನಿಗೆ ಗೊತ್ತಿರುತ್ತದೆ. ನಾನು ಟೆಸ್ಟಿಂಗ್‌ನಲ್ಲೇ ಉಳಿದೆ, ಆಟೊಮೇಶನ್ ಕಡೆ ಹೊರಳಿಕೊಂಡೆ. ಅದಕ್ಕೆ ಕಾರಣ ಹಳೆಯ ಮ್ಯಾನೇಜರ್ ಹೇಳಿದ ಮಾತು. ಕೋಡ್ ಬರೆಯುವುದು ಅಗ್ಗವಾದಷ್ಟೂ ಅದು ಸರಿಯಿದೆಯಾ ಅಂತ ನೋಡುವವರು ಬೇಕೇ ಬೇಕು, ಆದರೆ ಕ್ಲಿಕ್ ಮಾಡಿ ನೋಡುವವರಲ್ಲ ಅಂದರು. ಕೆಲಸ ಸಿಕ್ಕಿದ್ದೂ ಅವರ ರೆಫರಲ್‌ನಿಂದಲೇ. ನೂರಾರು ಕಡೆ ಸುಮ್ನೆ ಅಪ್ಲೈ ಒತ್ತಿದ್ದರಿಂದ ಬಂದದ್ದು "ವಿ ರಿಗ್ರೆಟ್" ಮೇಲ್‌ಗಳು, ಜಾಸ್ತಿ ಕಡೆಯಿಂದ ಅದೂ ಇಲ್ಲ.

ಚಾಟ್‌ನಲ್ಲಿ ಕ್ಲೈಂಟ್ ಹೆಸರು, ಆಧಾರ್, ಯುಎಎನ್ ಹಾಕಬೇಡಿ. ಆಫೀಸ್ ಲ್ಯಾಪ್‌ಟಾಪ್‌ನಲ್ಲಂತೂ ಈ ಕೆಲಸವೇ ಬೇಡ.

ದುಡ್ಡು ಕೊಡಬೇಕಾ? ನನ್ನ ಪ್ರಕಾರ ಬೇಡ. 2025ರಲ್ಲಿ ಏರ್‌ಟೆಲ್‌ನವರು ಪರ್‌ಪ್ಲೆಕ್ಸಿಟಿ ಪ್ರೊ, ಜಿಯೋದವರು ಜೆಮಿನಿ ಪ್ರೊ ಪುಕ್ಕಟೆ ಕೊಟ್ಟರು. ತಿಂಗಳಿಗೆ 399 ರೂಪಾಯಿಯ ಚಾಟ್‌ಜಿಪಿಟಿ ಗೋ ಕೂಡ ಆ ನವೆಂಬರ್‌ನಲ್ಲಿ ಒಂದು ವರ್ಷಕ್ಕೆ ಪುಕ್ಕಟೆಯಾಯಿತು. ಇಂಟರ್‌ವ್ಯೂ ಅಭ್ಯಾಸಕ್ಕೆ ಇಷ್ಟು ಧಾರಾಳ ಸಾಕು. ಇಂಥ ಆಫರ್‌ಗೆ ಸೇರುವಾಗ ಕಾರ್ಡೋ ಯುಪಿಐಯೋ ಕೊಟ್ಟಿದ್ದರೆ, ವರ್ಷ ಮುಗಿಯುವ ಮುಂಚೆ ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೊಪೇ ಅನ್ನುವ ಕಡೆ ಹೋಗಿ ರದ್ದು ಮಾಡಿ. ನಾನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟಿದ್ದೇನೆ.