ಕೌಲ್ ಬಜಾರಿನಲ್ಲಿ ಹೊಲಿಸಿದ ಗುರು ಕುರ್ತಾ
ಜೀನ್ಸ್ ಊರಿನಲ್ಲಿ ಕುರ್ತಾ ಹೊಲಿಸಲು ಹೊರಟವಳು ನಾನು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಎತ್ತ ತಿರುಗಿದರೂ ಪ್ಯಾಂಟಿಗೆ ಜೇಬು ಕೂಡಿಸುವ ಯಂತ್ರಗಳ ಸದ್ದು. ಗುರು ಕುರ್ತಾ ಎಂದರೆ ಯಾವ ಗುರು ಎಂದು ಹುಡುಗರು ಕೇಳಿದರು. ಕೊನೆಗೆ ಓಣಿಯೊಂದರ ತುದಿಯಲ್ಲಿ, ಎರಡೇ ಯಂತ್ರಗಳಿರುವ ಅಂಗಡಿಯ ಹಿರಿಯ ದರ್ಜಿ ಕನ್ನಡಕವನ್ನು ಹಣೆಗೇರಿಸಿ, "ಕಾಕಾನ ಕುರ್ತಾ ತಾನೇ?" ಎಂದರು. ಬಟ್ಟೆಯನ್ನು ಅಲ್ಲೇ ಇಳಿಸಿಬಿಟ್ಟೆ.

ಕಾಕಾ ಎಂದರೆ ಹಿಂದಿ ಚಿತ್ರಗಳ ನಾಯಕ ರಾಜೇಶ್ ಖನ್ನಾ. ಅವನು ತೊಟ್ಟು ಜನಪ್ರಿಯವಾದದ್ದೇ ಈ ಗುರು ಕುರ್ತಾ. 1969ರ 'ಆರಾಧನಾ' ಬಂದ ಮೇಲೆ ಹುಡುಗಿಯರು ಅವನಿಗೆ ರಕ್ತದಲ್ಲಿ ಪತ್ರ ಬರೆದರು ಎನ್ನುತ್ತಾರೆ. ನಾನು ಶಾಯಿಯಲ್ಲಿ ಬರೆದು, ಹಿಂದಿ ಪ್ರಥಮಾ ಪರೀಕ್ಷೆಯ ಪುಸ್ತಕದೊಳಗೆ ಬಚ್ಚಿಟ್ಟಿದ್ದೆ. ಅಂಚೆಗೆ ಹಾಕದಿರಲು ವಿಳಾಸ ಗೊತ್ತಿಲ್ಲದ್ದು ಒಂದು ಕಾರಣ, ನಮ್ಮ ಅಪ್ಪ ಇನ್ನೊಂದು.

ಕುರ್ತಾ ಬೇಕಾಗಿದ್ದು ನಮ್ಮ ಯಜಮಾನರಿಗೆ. ಅವರಿಗೆ ಬೇಕಾಗಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಈ ದರ್ಜಿಯ ಕಸುಬು ಕಾಣುವುದು ಕಾಲರಿನಲ್ಲಿ. ಸಿದ್ಧ ಉಡುಪಿನ ಅಂಗಡಿಯಲ್ಲಿ ಕೊಂಡ ಕುರ್ತಾದ ಪಟ್ಟಿ ಕಾಲರಿನೊಳಗೆ ರಟ್ಟಿನಂಥ ಬಕ್ರಂ ಇತ್ತು. ತೊಟ್ಟರೆ ಕತ್ತಿಗೆ ಪಟ್ಟು ಹಾಕಿದ ಹಾಗೆ. ಇವರು ಬಕ್ರಂ ಬಿಟ್ಟು ಅದೇ ಹತ್ತಿ ಬಟ್ಟೆಯ ಇನ್ನೊಂದು ಮಡಿಕೆ ಇಟ್ಟು, ಅಂಚನ್ನು ಕೈಯಲ್ಲೇ ಹೊಲಿದಿದ್ದಾರೆ. ಕೇಳಿದ್ದಕ್ಕೆ, "ಕಾಕಾ ಕತ್ತು ವಾಲಿಸಿ ಮಾತನಾಡುವವನು ತಾಯಿ. ಕಾಲರ್ ಸೆಟೆದು ನಿಂತರೆ ವಾಲುವುದು ಎಲ್ಲಿಂದ?" ಎಂದರು. ಐವತ್ತು ವರ್ಷಗಳಿಂದ ಅವನನ್ನು ನೋಡುತ್ತಿದ್ದೇನೆ, ನನಗೇ ಇದು ಹೊಳೆದಿರಲಿಲ್ಲ.

ಅಂಗಿಯ ಮೇಲೆ ಬೆಲ್ಟ್ ಕಟ್ಟುವ ಅವನ ಶೋಕಿಯನ್ನೂ ಕೇಳಿ ನೋಡಿದೆ. ದರ್ಜಿ ನಮ್ಮವರ ಹೊಟ್ಟೆಯ ಕಡೆ ಒಮ್ಮೆ ನೋಡಿ, "ಬೇಡ" ಎಂದರು. ಅಷ್ಟೇ.

ಅಳತೆ ತೆಗೆಯುತ್ತಲೇ ಮಾತು 'ಆರಾಧನಾ'ದ 'ಮೇರೆ ಸಪ್ನೋಂ ಕಿ ರಾನಿ' ಹಾಡಿಗೆ ಹೊರಳಿತು. ಕಾಕಾ ಜೀಪಿನಲ್ಲಿ, ನಾಯಕಿ ರೈಲಿನ ಕಿಟಕಿಯಲ್ಲಿ ಇರುವ ಹಾಡು ಅದು. ಡಾರ್ಜಿಲಿಂಗಿನಲ್ಲಿ ಚಿತ್ರೀಕರಣ ನಡೆದಾಗ ನಾಯಕಿ ಶರ್ಮಿಳಾ ಟ್ಯಾಗೋರ್ ಅಲ್ಲಿರಲಿಲ್ಲ. ಸತ್ಯಜಿತ್ ರೇ ಅವರ ಚಿತ್ರದಲ್ಲಿ ತೊಡಗಿದ್ದರು. ಅವರ ಭಾಗವನ್ನು ಆಮೇಲೆ ಸ್ಟುಡಿಯೋದಲ್ಲಿ ತೆಗೆದು ಸೇರಿಸಿದರು. ಅಂದರೆ ಜೀಪಿನಿಂದ ಅವನು ಅಷ್ಟು ಆಸೆಯಿಂದ ನೋಡಿದ ಕಿಟಕಿಯಲ್ಲಿ ನಾಯಕಿಯೇ ಇಲ್ಲ! "ಹಾಗಾದರೆ ನನ್ನನ್ನೇ ನೋಡಿರಬೇಕು" ಎಂದೆ. ದರ್ಜಿ ನಕ್ಕರು. ನಮ್ಮವರು ಗಡಿಯಾರ ನೋಡಿದರು.

ದೂರುಗಳೂ ಇವೆ. ವಾರದಲ್ಲಿ ಕೊಡುತ್ತೇನೆ ಎಂದವರು ಮೂರು ವಾರ ತಿರುಗಿಸಿದರು. ಎಡ ತೋಳು ಅರ್ಧ ಇಂಚು ಉದ್ದವಾಗಿತ್ತು. ದುಡ್ಡು ಕೇಳದೆ ಅಲ್ಲೇ ಸರಿ ಮಾಡಿಕೊಟ್ಟರು. ಹೊಲಿಗೆಗೆ 700 ರೂಪಾಯಿ, ಮೂರು ಮೀಟರ್ ಬಟ್ಟೆ ನಮ್ಮದು. ಮೊಬೈಲಿನಲ್ಲಿ ಹಣ ಕಳಿಸುವ ಏರ್ಪಾಡಿಲ್ಲ, ನೋಟು ಇಟ್ಟುಕೊಂಡು ಹೋಗಿ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ.

ತೊಟ್ಟು ನೋಡಲು ಅಲ್ಲಿ ಕೋಣೆ ಇಲ್ಲ, ಗೋಡೆಗೆ ಒಂದು ಪಾದರಸ ಕಿತ್ತ ಕನ್ನಡಿ ಇದೆ. ನಮ್ಮವರು ಗುಂಡಿ ಹಾಕಿಕೊಂಡು ಅದರ ಮುಂದೆ ನಿಂತರು. ಯಾರೂ ನೋಡುತ್ತಿಲ್ಲ ಎಂದುಕೊಂಡು ಕತ್ತನ್ನು ಸ್ವಲ್ಪ ಎಡಕ್ಕೆ ವಾಲಿಸಿ, ಎರಡೂ ಕಣ್ಣುಗಳನ್ನು ಮೆಲ್ಲಗೆ ಮುಚ್ಚಿ ತೆರೆದರು. ದರ್ಜಿ ಸೂಜಿಗೆ ದಾರ ಪೋಣಿಸತೊಡಗಿದರು. ನಾನು ಚೀಲದಲ್ಲಿ ಚಿಲ್ಲರೆ ಹುಡುಕಿದೆ.