ಗ್ಲುಕೋಮೀಟರ್ ತಗೊಂಡು ಮೂರು ತಿಂಗಳು: ಕೈ ತೊಳ್ಕೊಂಡು ಟೆಸ್ಟ್ ಮಾಡಿ ಮಾರಾಯ್ರೆ
ನಂಗೆ 27 ವರ್ಷ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತ ಪರೀಕ್ಷೆ) 8.2 ಬಂತು, 6.5 ಮುಟ್ಟಿದ್ರೇ ಶುಗರ್ ಅಂತ ಲೆಕ್ಕ. ಮೊದಲೇ ನಮ್ಮ ಕಡೆ ತೋಟದ ಮಾಣಿಗೆ ಹೆಣ್ಣು ಸಿಗೋದು ಕಷ್ಟ, ಇನ್ನು ಇದೊಂದು ಬೇರೆ ಅಂತ ಒಂದು ವಾರ ಮನೇಲೂ ಹೇಳ್ದೆ ಸುಮ್ನಿದ್ದು ಆಮೇಲೆ ಶಿರಸಿ ಪೇಟೆಲಿ ಮನೇಲೇ ಶುಗರ್ ನೋಡೋ ಈ ಮಷೀನ್ ತಗೊಂಡೆ. ಮೊದಲ ದಿನವೇ 312! ಎದೆ ಧಸಕ್ ಅಂತು. ಆಮೇಲೆ ನೆನಪಾಯ್ತು, ಅಪ್ಪಯ್ಯಂಗೆ ದೋಸೆ ಜೊತೆ ಜೋನಿಬೆಲ್ಲ ಬಡಿಸಿದ್ದು ಅದೇ ಕೈಲಿ. ಸೋಪ್ ಹಾಕಿ ತೊಳ್ದು ಒರೆಸಿ ನೋಡಿದ್ರೆ 164. ಹಲಸಿನಹಣ್ಣು ಬಿಡಿಸಿದ ಕೈಲೂ ಇದೇ ಕಥೆ.

ಬೆರಳ ತುದಿ ಮಧ್ಯ ಚುಚ್ಬೇಡಿ, ಪಕ್ಕಕ್ಕೆ ಚುಚ್ಚಿದ್ರೆ ನೋವು ಕಮ್ಮಿ. ಮಷೀನ್ ಅಗ್ಗ, ರಕ್ತದ ಹನಿ ಹಾಕೋ ಸ್ಟ್ರಿಪ್ಪಲ್ಲೇ ಜೇಬಿಗೆ ಕತ್ತರಿ. ನಮ್ಮ ಮಳೆಗಾಲದ ತೇವಕ್ಕೆ ಡಬ್ಬಿ ಮುಚ್ಚಳ ತೆರೆದಿಟ್ರೆ ಸ್ಟ್ರಿಪ್ ಹಾಳು, ನಂದು ಹತ್ತು ಹಾಗೇ ಹೋಯ್ತು.

ಸ್ಕ್ರೀನ್ ಚೆನ್ನಾಗಿ ಕಾಣ್ತದೆ. ಬೀಪ್ ಆಫ್ ಮಾಡೋಕೆ ಮಾತ್ರ ಬರಲ್ಲ, ಬೆಳಿಗ್ಗೆ ಆ ಸದ್ದಿಗೇ ಅಪ್ಪಯ್ಯ ಒಳಗಿಂದ "ಎಷ್ಟು ಬಂತೋ?" ಅಂತಾನೆ. ಒಂದು ಸ್ಟಾರ್ ಅದಕ್ಕೆ ಕಟ್.