ಥಂಡರ್‌ಬರ್ಡ್ ಜಂಕ್ ಫಿಲ್ಟರ್: ನಮ್ಮ ಮನೆಗೆ ಇದೇ ಸಾಕು

ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಹೋದ ಜನವರಿ, ಕೊಯ್ಲಿನ ಗಡಿಬಿಡಿ. ವ್ಯಾಪಾರಿಯೊಬ್ಬರು ಸ್ಯಾಂಪಲ್ ನೋಡಿ ರೇಟು ಬರೆದಿದ್ದ ಮೇಲ್ ನನಗೆ ಕಾಣಲೇ ಇಲ್ಲ. ದುಡ್ಡು ಕೊಟ್ಟು ಹಾಕಿಸಿದ್ದ ಫಿಲ್ಟರ್ ಅದನ್ನು ಕಸ ಅಂತ ಅಳಿಸಿತ್ತು. ಐದು ದಿನ ಸುಮ್ನೆ ಕಾದೆ. ಅಷ್ಟರಲ್ಲಿ ಅವರು ಬೇರೆ ಕಡೆ ಕೊಂಡಿದ್ದರು. ಹೊಟ್ಟೆ ಉರಿಯುತ್ತದೆ ಅಲ್ವಾ?

ಈಗ ಮೊಜಿಲ್ಲಾದ ಥಂಡರ್‌ಬರ್ಡ್ ಅನ್ನುವ ಮೇಲ್ ತಂತ್ರಾಂಶ ಬಳಸುತ್ತಿದ್ದೇನೆ. ಪೂರ್ತಿ ಉಚಿತ, ಫಿಲ್ಟರ್ ಅದರೊಳಗೇ ಇದೆ. ಆದರೆ ನಾವೇ ಕಲಿಸಬೇಕು. ಬೇಡದ ಮೇಲ್ ಆರಿಸಿ ಕೀಬೋರ್ಡಿನಲ್ಲಿ 'ಜೆ' ಒತ್ತಿದರೆ ಅದು ಕಸ ಅಂತ ಗುರುತಿಟ್ಟುಕೊಳ್ಳುತ್ತದೆ. ತಪ್ಪಾಗಿ ಸಿಕ್ಕಿಬಿದ್ದ ಒಳ್ಳೆ ಮೇಲ್‌ಗೆ ಶಿಫ್ಟ್ ಜೊತೆ ಜೆ. ಈ ಎರಡನೆಯದನ್ನು ಮರೆಯಬೇಡಿ. ಬೀಜ ಆರಿಸಲು ಬಂದ ಹೊಸಬರಿಗೆ ಕಪ್ಪು ಬೀಜದ ಜೊತೆ ಒಳ್ಳೆ ಬೀಜವನ್ನೂ ತೋರಿಸುತ್ತೇವಲ್ಲ, ಹಾಗೆಯೇ ಇದು.

ಎರಡು ವಾರ ದಿನಾ ಸಂಜೆ ಕೂತು ಕಲಿಸಿದೆ. ಲಾಟರಿ, ಸಾಲ, ಕೆವೈಸಿ ಅನ್ನುವವು ಈಗ ಹೆಚ್ಚಿನಂಶ ತಾವೇ ಜಂಕ್ ಫೋಲ್ಡರಿಗೆ ಹೋಗುತ್ತವೆ. ವಿಳಾಸ ಪಟ್ಟಿಯಲ್ಲಿರುವವರ ಮೇಲ್ ಮುಟ್ಟದ ಹಾಗೆ ಮಾಡುವ ಆಯ್ಕೆಯೂ ಇದೆ. ವ್ಯಾಪಾರಿಗಳನ್ನೆಲ್ಲ ಸೇರಿಸಿದೆ. ಬ್ಯಾಂಕನ್ನು ಮಾತ್ರ ಸೇರಿಸಲಿಲ್ಲ, ಆ ವಿಳಾಸವನ್ನು ಕಳ್ಳರು ನಕಲು ಮಾಡುವುದು ಜಾಸ್ತಿ.

ಒಂದು ಕೊರತೆ ಇದೆ. ನನ್ನದು ಪಾಪ್ ಖಾತೆ, ಅಂದರೆ ಮೇಲ್ ಎಲ್ಲ ಕಂಪ್ಯೂಟರಿಗೇ ಇಳಿಸಿಕೊಳ್ಳುವ ಬಗೆ. ಹಾಗಾಗಿ ಕಸವೂ ಕಂಪ್ಯೂಟರಿಗೆ ಇಳಿದ ಮೇಲೆಯೇ ಬೇರೆಯಾಗುತ್ತದೆ. ಮಳೆಗಾಲದ ನಮ್ಮ ನೆಟ್‌ಗೆ ಇದು ಭಾರ.

ಹಳೆಯ ಜಂಕ್ ತಾನಾಗಿ ಅಳಿಸುವ ಆಯ್ಕೆಯನ್ನು ನಾನು ಹಾಕಿಲ್ಲ. ಭಾನುವಾರ ಬೆಳಿಗ್ಗೆ ಆ ಫೋಲ್ಡರನ್ನು ಒಮ್ಮೆ ಪೂರ್ತಿ ನೋಡುತ್ತೇನೆ. ಹೋದ ವಾರ ಪಂಪ್‌ಸೆಟ್ ರಿಪೇರಿ ಬಿಲ್ಲು ಅಲ್ಲೇ ಸಿಕ್ಕಿತು.